ಕೋರ್ ಐ3-6006ಯು ಅಥವಾ ಸೆಲೆರಾನ್ ಎನ್4000? ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಕೈಪಿಡಿ

ಬಳಸಿದ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಂಗಡಿಯವರು ಎರಡು ಲ್ಯಾಪ್‌ಟಾಪ್ ತೋರಿಸಿದ್ದಾರೆ. ಒಂದರಲ್ಲಿ ಇಂಟೆಲ್ ಕೋರ್ ಐ3-6006ಯು ಎಂಬ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಇದೆ, ಇನ್ನೊಂದರಲ್ಲಿ ಇಂಟೆಲ್ ಸೆಲೆರಾನ್ ಎನ್4000. ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಸೆಲೆರಾನ್ ಹೊಸದು, ಗಿಗಾಹರ್ಟ್ಸ್ ಹೆಚ್ಚು, ವಿಂಡೋಸ್ 11 ಕೂಡ ಓಡುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಕಂಪ್ಯೂಟರ್ ಬಲ್ಲ ನೆಂಟರು ಮಾತ್ರ ಐ3 ಬಿಡಬೇಡಿ ಎನ್ನುತ್ತಾರೆ. ಯಾವುದನ್ನು ಕೊಳ್ಳಬೇಕು?

ಅವಸರದಲ್ಲಿ ಇರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಬಲದಲ್ಲಿ ಐ3-6006ಯು ಮುಂದಿದೆ. ವಿಂಡೋಸ್ 11ರ ಅಧಿಕೃತ ಬೆಂಬಲ ಇರುವುದು ಎನ್4000ಕ್ಕೆ. ಆದರೆ ನೀವು ಕೊಂಡ ಲ್ಯಾಪ್‌ಟಾಪ್ ನಿಮಗೆ ಹಿತವಾಗುತ್ತದೆಯೋ ಕಾಟವಾಗುತ್ತದೆಯೋ ಎಂಬುದನ್ನು ಈ ಎರಡಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಪ್ರೊಸೆಸರ್‌ನ ಸುತ್ತ ಇರುವ ಭಾಗಗಳು: ಎಷ್ಟು ರ‍್ಯಾಮ್ ಇದೆ, ಎಂಥ ಡಿಸ್ಕ್ ಇದೆ, ಅವುಗಳನ್ನು ಬದಲಾಯಿಸಲು ಬರುತ್ತದೆಯೇ. ಇವನ್ನು ನೋಡದೆ ಎರಡು ಹೆಸರುಗಳನ್ನಷ್ಟೇ ತೂಗಿ ದುಡ್ಡು ಕೊಡಬೇಡಿ.

ಮುಂದಿನ ಹಂತಗಳಿಗೆ ಬೇಕಾದ ಸಲಕರಣೆ ಹೆಚ್ಚಿಲ್ಲ. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಎರಡು ಪೆನ್‌ಡ್ರೈವ್ ಇರಲಿ. ಒಂದರಲ್ಲಿ ಸಿಪಿಯು-ಝಡ್ ಮತ್ತು 7-ಝಿಪ್ ಎಂಬ ಎರಡು ಉಚಿತ ತಂತ್ರಾಂಶಗಳನ್ನು ಹಾಕಿಕೊಳ್ಳಿ. ಇನ್ನೊಂದನ್ನು ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ಲೈವ್ ಪೆನ್‌ಡ್ರೈವ್ ಆಗಿ ಸಿದ್ಧಪಡಿಸಿಕೊಳ್ಳಿ. ಲೈವ್ ಎಂದರೆ ಡಿಸ್ಕ್‌ಗೆ ಏನನ್ನೂ ಹಾಕದೆ, ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಚಾಲೂ ಆಗುವ ವ್ಯವಸ್ಥೆ. ಇದರ ಜೊತೆಗೆ ಅಂಗಡಿಯಲ್ಲಿ ಅರ್ಧ ಗಂಟೆ ಕೂರುವ ತಾಳ್ಮೆ ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಿಕ್ಕಿರಿದ ಕಡೆ ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಅಷ್ಟು ಸಮಯ ಸಿಗುತ್ತದೆ.

ಹಂತ 1: ಸ್ಟಿಕ್ಕರ್ ಬಿಡಿ, ಒಳಗಿನ ಹೆಸರು ಓದಿ

ಕೀಲಿಮಣೆಯ ಪಕ್ಕದ ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆಯ್ದುಕೊಂಡರೆ ಬಲ ಮೂಲೆಯಲ್ಲಿ ಪ್ರೊಸೆಸರ್‌ನ ಪೂರ್ಣ ಹೆಸರು ಕಾಣುತ್ತದೆ. ಇನ್ನಷ್ಟು ಖಾತ್ರಿ ಬೇಕಿದ್ದರೆ ಸಿಪಿಯು-ಝಡ್ ಓಡಿಸಿ.

ಹೆಸರಿನ ಅಂಕಿಗಳನ್ನು ಓದುವ ಕ್ರಮ ಎರಡಕ್ಕೂ ಬೇರೆ ಬೇರೆ. ಐ3-6006ಯು ಎಂಬಲ್ಲಿ ಮೊದಲ 6 ತಲೆಮಾರನ್ನು ಸೂಚಿಸುತ್ತದೆ. ಇದು ಸ್ಕೈಲೇಕ್ ಎಂಬ ಆರನೇ ತಲೆಮಾರಿನ ಚಿಪ್, 2016ರ ಕೊನೆಯಲ್ಲಿ ಬಂದದ್ದು. ಕೊನೆಯ ಯು ಅಕ್ಷರಕ್ಕೆ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಲ್ಯಾಪ್‌ಟಾಪ್ ಮಾದರಿ ಎಂದು ಅರ್ಥ. ಎನ್4000ದಲ್ಲಿರುವ 4 ಯಾವ ತಲೆಮಾರನ್ನೂ ಹೇಳುವುದಿಲ್ಲ. ಅದು ಜೆಮಿನಿ ಲೇಕ್ ಬಳಗದ್ದು, 2017ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದದ್ದು. ಅದರ ವಂಶ ಕೋರ್ ಸಾಲಿನದಲ್ಲ. ಒಂದು ಕಾಲದ ಪುಟ್ಟ ನೆಟ್‌ಬುಕ್‌ಗಳಲ್ಲಿ ಇರುತ್ತಿದ್ದ ಆಟಮ್ ಸಾಲಿನದು. ಎರಡರ ನಡುವಿನ ಬಹುಪಾಲು ವ್ಯತ್ಯಾಸ ಹುಟ್ಟುವುದೇ ಇಲ್ಲಿಂದ.

ಹತ್ತಿರದ ಹೆಸರುಗಳಿಂದ ಮೋಸ ಹೋಗುವುದು ಸುಲಭ. ಎನ್4020 ಎಂದಿದ್ದರೆ ಅದು ಎನ್4000ದ ತಮ್ಮ. ಗರಿಷ್ಠ ವೇಗ ತುಸು ಹೆಚ್ಚು, ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ. ಎನ್4100 ಎಂದಿದ್ದರೆ ನಾಲ್ಕು ಕೋರ್ ಇರುವ, ಗಮನಿಸಬೇಕಾದಷ್ಟು ಉತ್ತಮವಾದ ಚಿಪ್. ಎನ್3050, ಎನ್3060 ಎಂದು ಕಂಡರೆ ಬೆಲೆ ಎಷ್ಟೇ ಕಡಿಮೆ ಇರಲಿ, ಅಲ್ಲಿಗೇ ಬಿಟ್ಟುಬಿಡಿ. ಅವು ಹಿಂದಿನ ಬಳಗದ ನಿಧಾನ ಚಿಪ್‌ಗಳು. ಐ3 ಕಡೆಯಲ್ಲಿ 6100ಯು ಸಿಕ್ಕರೆ 6006ಯುಗಿಂತ ಒಂದು ಕೈ ಮೇಲು. ಅದರ ವೇಗ 2.3 ಗಿಗಾಹರ್ಟ್ಸ್.

ಹಂತ 2: ಕಾಗದದ ಮೇಲೆ ಎರಡನ್ನೂ ಪಕ್ಕಪಕ್ಕ ಇಡಿ

ಐ3-6006ಯುನಲ್ಲಿ ಎರಡು ಕೋರ್, ನಾಲ್ಕು ಥ್ರೆಡ್. ಕೋರ್ ಎಂದರೆ ಲೆಕ್ಕ ಮಾಡುವ ಸ್ವತಂತ್ರ ಘಟಕ. ಥ್ರೆಡ್ ಎಂದರೆ ಆ ಘಟಕ ಏಕಕಾಲಕ್ಕೆ ಕೈಗೆತ್ತಿಕೊಳ್ಳಬಲ್ಲ ಕೆಲಸದ ಸರಣಿ. ಒಂದು ಸರಣಿ ಮೆಮೊರಿಗಾಗಿ ಕಾಯುತ್ತಿರುವಾಗ ಅದೇ ಕೋರ್ ಇನ್ನೊಂದನ್ನು ಮುಂದುವರಿಸುತ್ತದೆ. ವೇಗ 2.0 ಗಿಗಾಹರ್ಟ್ಸ್. ಇದಕ್ಕೆ ಟರ್ಬೊ ಇಲ್ಲ, ಅಂದರೆ ಅಗತ್ಯ ಬಿದ್ದಾಗ ವೇಗವನ್ನು ಮೇಲಕ್ಕೇರಿಸಿಕೊಳ್ಳುವ ಸೌಲಭ್ಯ ಇಲ್ಲ. ಕ್ಯಾಶ್ 3 ಎಂಬಿ. ಶಾಖದ ಮಿತಿ 15 ವ್ಯಾಟ್. ಗ್ರಾಫಿಕ್ಸ್ ಎಚ್‌ಡಿ 520. ಪ್ರೊಸೆಸರ್ ಒಪ್ಪಿಕೊಳ್ಳುವ ಗರಿಷ್ಠ ರ‍್ಯಾಮ್ 32 ಜಿಬಿ.

ಎನ್4000ದಲ್ಲಿ ಎರಡು ಕೋರ್, ಎರಡೇ ಥ್ರೆಡ್. ಮೂಲ ವೇಗ 1.1 ಗಿಗಾಹರ್ಟ್ಸ್, ಸ್ವಲ್ಪ ಹೊತ್ತಿನ ಮಟ್ಟಿಗೆ 2.6ರವರೆಗೆ ಏರುತ್ತದೆ. ಕ್ಯಾಶ್ 4 ಎಂಬಿ. ಶಾಖದ ಮಿತಿ ಬರೀ 6 ವ್ಯಾಟ್. ಗ್ರಾಫಿಕ್ಸ್ ಯುಎಚ್‌ಡಿ 600. ಇಂಟೆಲ್ ಅಧಿಕೃತವಾಗಿ ಹೇಳುವ ಗರಿಷ್ಠ ರ‍್ಯಾಮ್ 8 ಜಿಬಿ.

ಎರಡೂ 14 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾದವು. ಎರಡನ್ನೂ ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ಆದ್ದರಿಂದ "ಮುಂದೆ ಪ್ರೊಸೆಸರ್ ಬದಲಾಯಿಸಿಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 3: ಗಿಗಾಹರ್ಟ್ಸ್ ಬಲೆಗೆ ಬೀಳಬೇಡಿ

ಮೇಲಿನ ಅಂಕಿಗಳಲ್ಲಿ 2.6 ಕಂಡ ಕೂಡಲೇ ಸೆಲೆರಾನ್ ವೇಗವಾದದ್ದು ಎಂದು ಅನ್ನಿಸುವುದು ಸಹಜ. ಗಿಗಾಹರ್ಟ್ಸ್ ಹೇಳುವುದು ಪ್ರೊಸೆಸರ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದನ್ನು ಮಾತ್ರ. ಒಂದೊಂದು ಮಿಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಸರಸರನೆ ಚೊಂಬಿನಲ್ಲಿ ಮೊಗೆದು ಹಂಡೆ ತುಂಬಿಸುವವರಿಗಿಂತ ನಿಧಾನವಾಗಿ ಕೊಡದಲ್ಲಿ ತಂದು ಸುರಿಯುವವರೇ ಬೇಗ ಮುಗಿಸುತ್ತಾರೆ. ಸ್ಕೈಲೇಕ್‌ನ ಕೋರ್ ದೊಡ್ಡದು, ಒಂದು ಮಿಡಿತಕ್ಕೆ ಹೆಚ್ಚು ಆದೇಶಗಳನ್ನು ಬಿಡಿಸಿ ಪೂರೈಸುತ್ತದೆ. ಜೆಮಿನಿ ಲೇಕ್‌ನ ಕೋರ್ ಅನ್ನು ವಿದ್ಯುತ್ ಉಳಿಸಲೆಂದೇ ಚಿಕ್ಕದಾಗಿ ಕಟ್ಟಿದ್ದಾರೆ.

ಇನ್ನೊಂದು ಸಂಗತಿಯೂ ಇದೆ. ಸೆಲೆರಾನ್‌ನ 2.6 ಎಂಬುದು ತಾತ್ಕಾಲಿಕ ಏರಿಕೆ. ಒಂದು ಪುಟ ತೆರೆಯುವ, ಒಂದು ಫೈಲ್ ತೆರೆಯುವ ಚಿಕ್ಕ ಕೆಲಸಕ್ಕೆ ಅದು ಅನುಕೂಲ. ಹತ್ತು ನಿಮಿಷ ಎಡೆಬಿಡದೆ ದುಡಿಸಿದರೆ 6 ವ್ಯಾಟ್‌ನ ಮಿತಿಯೊಳಗೆ ಅಷ್ಟು ವೇಗವನ್ನು ಉಳಿಸಿಕೊಳ್ಳುವುದು ಅದಕ್ಕೆ ಕಷ್ಟ. ಐ3 ಏರುವುದೂ ಇಲ್ಲ, ತಂಪು ಮಾಡುವ ವ್ಯವಸ್ಥೆ ಚೆನ್ನಾಗಿದ್ದರೆ ಇಳಿಯುವುದೂ ಇಲ್ಲ. 2.0 ಎಂದರೆ 2.0. ಅದರ ಈ ಸ್ಥಿರತೆ ಹಂತ 7ರಲ್ಲಿ ನಮಗೆ ಉಪಯೋಗಕ್ಕೆ ಬರುತ್ತದೆ.

ಕ್ಯಾಶ್ ವಿಷಯದಲ್ಲೂ 4 ಎಂಬಿ ಎಂಬುದು 3 ಎಂಬಿಗಿಂತ ಹೆಚ್ಚು ಎಂದು ನೇರವಾಗಿ ಹೋಲಿಸಲು ಬರುವುದಿಲ್ಲ. ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರೊಸೆಸರ್ ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುವ ಪುಟ್ಟ ಉಗ್ರಾಣವೇ ಕ್ಯಾಶ್. ಐ3ಯಲ್ಲಿ 3 ಎಂಬಿ ಇರುವುದು ಮೂರನೇ ಮಟ್ಟದಲ್ಲಿ. ಅದಕ್ಕೂ ಮೊದಲು ಪ್ರತಿ ಕೋರ್‌ಗೆ ಬೇರೆಯಾಗಿ ಎರಡನೇ ಮಟ್ಟದ ಕ್ಯಾಶ್ ಇದೆ. ಸೆಲೆರಾನ್‌ನ 4 ಎಂಬಿ ಎರಡನೇ ಮಟ್ಟದ್ದು, ಎರಡೂ ಕೋರ್ ಹಂಚಿಕೊಳ್ಳುವಂಥದ್ದು, ಅದರ ಹಿಂದೆ ಮೂರನೇ ಮಟ್ಟವೇ ಇಲ್ಲ.

ಹಂತ 4: ಸುತ್ತಲಿನ ಭಾಗಗಳನ್ನು ನೋಡಿ

ಈ ಲೇಖನದಲ್ಲಿ ಒಂದೇ ಹಂತ ಓದಲು ನಿಮಗೆ ಸಮಯ ಇದ್ದರೆ ಇದನ್ನೇ ಓದಿ.

ಮೊದಲು ಡಿಸ್ಕ್. ಐ3-6006ಯು ಇರುವ ಲ್ಯಾಪ್‌ಟಾಪ್‌ಗಳು ಹೊಸದಾಗಿ ಮಾರಾಟವಾದಾಗ ಅವುಗಳಲ್ಲಿ ಹೆಚ್ಚಿನವುಗಳಿಗೆ ತಿರುಗುವ ಹಾರ್ಡ್‌ಡಿಸ್ಕ್ ಹಾಕಿರುತ್ತಿದ್ದರು. ಅಂಥದನ್ನು ಇಂದು ಚಾಲೂ ಮಾಡಿದರೆ ವಿಂಡೋಸ್ ತೆರೆಯುವ ಹೊತ್ತಿಗೆ ಒಂದು ಲೋಟ ಕಾಫಿ ಕುಡಿದು ಬರಬಹುದು. ಇದನ್ನು ಕಂಡವರು "ಪ್ರೊಸೆಸರ್ ಹಳೆಯದಾಯಿತು" ಎನ್ನುತ್ತಾರೆ. ತಪ್ಪು ಪ್ರೊಸೆಸರ್‌ನದಲ್ಲ. ಹಾರ್ಡ್‌ಡಿಸ್ಕ್ ತೆಗೆದು ಅದೇ ಜಾಗದಲ್ಲಿ 2.5 ಅಂಗುಲದ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್, ಹಾಕಿದರೆ ಅದೇ ಲ್ಯಾಪ್‌ಟಾಪ್ ಗುರುತು ಸಿಗದಷ್ಟು ಚುರುಕಾಗುತ್ತದೆ. ಕೆಲವು ಸ್ಕ್ರೂ ಬಿಚ್ಚುವ ಕೆಲಸ ಅಷ್ಟೇ. ಅಂಗಡಿಯವರಲ್ಲೇ ಹಾಕಿಸಿಕೊಳ್ಳಬಹುದು.

ಎನ್4000 ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಇಎಂಎಂಸಿ ಇರುತ್ತದೆ. ಇದು ಮೊಬೈಲ್, ಟ್ಯಾಬ್‌ಗಳಲ್ಲಿ ಬಳಸುತ್ತಿದ್ದ ಬಗೆಯ ಸಂಗ್ರಹ ಚಿಪ್. ಮದರ್‌ಬೋರ್ಡ್‌ಗೆ ಬೆಸೆದಿರುತ್ತದೆ, ತೆಗೆಯಲಾಗದು. ಹಾರ್ಡ್‌ಡಿಸ್ಕ್‌ಗಿಂತ ಮೇಲು, ಒಳ್ಳೆಯ ಎಸ್‌ಎಸ್‌ಡಿಗಿಂತ ಬಹಳ ಕೆಳಗೆ. ಇದನ್ನೇ "ಎಸ್‌ಎಸ್‌ಡಿ ಇದೆ ಸಾರ್" ಎಂದು ಹೇಳಿ ಮಾರುವುದುಂಟು. ಪತ್ತೆ ಹಚ್ಚಲು ಸುಲಭದ ದಾರಿ ಇದೆ: ಸಿ ಡ್ರೈವ್‌ನ ಒಟ್ಟು ಗಾತ್ರ ನೋಡಿ. 29 ಜಿಬಿ ಆಸುಪಾಸು ಇದ್ದರೆ 32 ಜಿಬಿಯ ಇಎಂಎಂಸಿ, 58ರ ಆಸುಪಾಸು ಇದ್ದರೆ 64 ಜಿಬಿಯದ್ದು ಇರುವ ಸಾಧ್ಯತೆ ಹೆಚ್ಚು. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಡ್ರೈವ್ಸ್ ತೆರೆದು ಡಿಸ್ಕ್‌ನ ಮಾದರಿ ಹೆಸರನ್ನೂ ಬರೆದುಕೊಂಡು ಅಂತರ್ಜಾಲದಲ್ಲಿ ಹುಡುಕಿ. 32 ಜಿಬಿಯದ್ದನ್ನು ಪುಕ್ಕಟೆ ಕೊಟ್ಟರೂ ವಿಂಡೋಸ್‌ಗೆಂದು ಒಯ್ಯಬೇಡಿ. ಅಪ್‌ಡೇಟ್ ಇಳಿಸಿಕೊಳ್ಳಲು ಅದರಲ್ಲಿ ಜಾಗವೇ ಉಳಿಯುವುದಿಲ್ಲ. ಪ್ರತಿ ಸಲವೂ ಇದ್ದಬದ್ದ ಫೈಲ್ ಅಳಿಸುತ್ತಾ ಕೂರಬೇಕಾಗುತ್ತದೆ. ಎಲ್ಲ ಎನ್4000 ಲ್ಯಾಪ್‌ಟಾಪ್‌ಗಳೂ ಹೀಗಿರುವುದಿಲ್ಲ. ಕೆಲವಕ್ಕೆ 2.5 ಅಂಗುಲದ ಡಿಸ್ಕ್ ಜಾಗವೋ ಪಟ್ಟಿಯಂಥ ಎಸ್‌ಎಸ್‌ಡಿ ಸಿಕ್ಕಿಸುವ ಎಂ.2 ಕಿಂಡಿಯೋ ಇರುತ್ತದೆ. ಅಂಥದ್ದು ಸಿಕ್ಕರೆ ಹೋಲಿಕೆಯ ಲೆಕ್ಕವೇ ಬದಲಾಗುತ್ತದೆ.

ನಂತರ ರ‍್ಯಾಮ್. ಟಾಸ್ಕ್ ಮ್ಯಾನೇಜರ್‌ನಲ್ಲೇ ಮೆಮೊರಿ ಆಯ್ದುಕೊಳ್ಳಿ. ಅಲ್ಲಿ ಸ್ಲಾಟ್ಸ್ ಯೂಸ್ಡ್ ಎಂಬ ಸಾಲು, ಫಾರ್ಮ್ ಫ್ಯಾಕ್ಟರ್ ಎಂಬ ಸಾಲು ಇರುತ್ತವೆ. ಫಾರ್ಮ್ ಫ್ಯಾಕ್ಟರ್ ಎದುರು ಎಸ್‌ಒಡಿಐಎಂಎಂ ಎಂದಿದ್ದರೆ ತೆಗೆದು ಹಾಕಬಹುದಾದ ರ‍್ಯಾಮ್ ಪಟ್ಟಿ. ರೋ ಆಫ್ ಚಿಪ್ಸ್ ಎಂದಿದ್ದರೆ ಬೋರ್ಡ್‌ಗೆ ಬೆಸೆದ ರ‍್ಯಾಮ್. ಎರಡು ಕಿಂಡಿಗಳಲ್ಲಿ ಒಂದು ಖಾಲಿ ಇದ್ದರೆ ಅದು ಶುಭ ಸೂಚನೆ. 4 ಜಿಬಿ ಇರುವಲ್ಲಿ ಇನ್ನೊಂದು 4 ಜಿಬಿ ಸೇರಿಸಿದರೆ ಒಟ್ಟು 8 ಆಗುವುದಷ್ಟೇ ಅಲ್ಲ, ಎರಡು ಪಟ್ಟಿಗಳಿಂದ ಒಟ್ಟಿಗೆ ಮಾಹಿತಿ ಹರಿಯುವ ಡ್ಯುಯಲ್ ಚಾನೆಲ್ ವ್ಯವಸ್ಥೆಯೂ ಚಾಲೂ ಆಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಮೆಮೊರಿ ಇಲ್ಲದ ಎಚ್‌ಡಿ 520ಗೆ ಇದರಿಂದ ಕಣ್ಣಿಗೆ ಕಾಣುವಷ್ಟು ಲಾಭ ಇದೆ. ಆದರೆ ರ‍್ಯಾಮ್ ಕೊಳ್ಳುವ ಮುನ್ನ ಬಗೆ ಖಚಿತಪಡಿಸಿಕೊಳ್ಳಿ. ಐ3-6006ಯು ಡಿಡಿಆರ್4 ಜೊತೆಗೂ ಡಿಡಿಆರ್3ಎಲ್ ಜೊತೆಗೂ ಕೆಲಸ ಮಾಡುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಇರುವುದು ಯಾವುದಾದರೂ ಒಂದರ ಕಿಂಡಿ ಮಾತ್ರ. ಸಿಪಿಯು-ಝಡ್‌ನ ಮೆಮೊರಿ ಪುಟ ಇದನ್ನು ಹೇಳಿಬಿಡುತ್ತದೆ.

4 ಜಿಬಿ ಬೆಸೆದ ರ‍್ಯಾಮ್, 64 ಜಿಬಿ ಇಎಂಎಂಸಿ, ಮೇಲೆ ಎನ್4000: ಈ ಜೋಡಣೆಯ ಲ್ಯಾಪ್‌ಟಾಪ್ ಕೊಂಡ ದಿನ ಹೇಗಿದೆಯೋ ಕೊನೆಯವರೆಗೂ ಹಾಗೇ ಇರುತ್ತದೆ. ಅದಕ್ಕೆ ಮುಂದೆ ಏನನ್ನೂ ಮಾಡಲಾಗದು. ಐ3 ಲ್ಯಾಪ್‌ಟಾಪ್‌ಗೆ ಇನ್ನೂ ಬೆಳೆಯಲು ಅವಕಾಶ ಇದೆ ಎಂಬುದೇ ನಾನು ಅದರ ಪಕ್ಷ ವಹಿಸಲು ದೊಡ್ಡ ಕಾರಣ.

ಹಂತ 5: ವಿಂಡೋಸ್ ಪ್ರಶ್ನೆ ಬಗೆಹರಿಸಿಕೊಳ್ಳಿ

ಸೆಲೆರಾನ್ ಪರವಾಗಿ ನಿಜವಾದ ವಾದ ಇರುವುದು ಇಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮನೆಬಳಕೆದಾರರಿಗೆಂದು ಪ್ರಕಟಿಸಿದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ 2026ರ ಅಕ್ಟೋಬರ್ 13ರ ಗಡುವು ಇಟ್ಟರು. ವಿಂಡೋಸ್ 11 ಬೇಕೆಂದರೆ ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಇರಬೇಕು. ಕೋರ್ ಸಾಲಿನಲ್ಲಿ ಆ ಪಟ್ಟಿ ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ; ಆರನೇ ತಲೆಮಾರಿನ ಐ3-6006ಯು ಅದರಲ್ಲಿ ಇಲ್ಲ. ಅದಕ್ಕಿಂತ ನಿಧಾನವಾದ ಎನ್4000 ಇದೆ. ಆ ಪಟ್ಟಿಯನ್ನು ವೇಗದ ಪಟ್ಟಿ ಎಂದು ಓದಬೇಡಿ.

ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಘಟಕ, ಸೆಕ್ಯೂರ್ ಬೂಟ್ ಸೌಲಭ್ಯ ಬೇಕು. ಹಾಗಾಗಿ 32 ಜಿಬಿಯ ಎನ್4000 ಲ್ಯಾಪ್‌ಟಾಪ್ ಇಲ್ಲೇ ಅನುತ್ತೀರ್ಣ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಪುಟ್ಟ ತಂತ್ರಾಂಶವನ್ನು ಅಂಗಡಿಯಲ್ಲೇ ಓಡಿಸಿ ನೋಡಿ. ಇನ್ನು 4 ಜಿಬಿಯಲ್ಲಿ ವಿಂಡೋಸ್ 11 ಓಡುತ್ತದೆ ಎಂಬ ಮಾತಿಗೆ "ಓಡುತ್ತದೆ, ಏದುಸಿರು ಬಿಡುತ್ತಾ" ಎಂದು ಸೇರಿಸಿಕೊಳ್ಳಿ. ಬ್ರೌಸರ್‌ನಲ್ಲಿ ನಾಲ್ಕೈದು ಪುಟ ತೆರೆದರೆ ರ‍್ಯಾಮ್ ತುಂಬಿ, ಹೆಚ್ಚಾದದ್ದು ನಿಧಾನಗತಿಯ ಇಎಂಎಂಸಿಗೆ ಹರಿಯುತ್ತದೆ.

ಅಂಗಡಿಯವರು ಐ3 ಲ್ಯಾಪ್‌ಟಾಪ್‌ನಲ್ಲೇ ವಿಂಡೋಸ್ 11 ಹಾಕಿ ತೋರಿಸಿದರೆ ಅಚ್ಚರಿಪಡಬೇಡಿ. ತಪಾಸಣೆಯನ್ನು ತಪ್ಪಿಸಿ ಹಾಕುವ ಉಪಾಯಗಳಿವೆ. ಹಾಗೆ ಹಾಕಿದ ಕಂಪ್ಯೂಟರ್‌ಗೆ ಅಪ್‌ಡೇಟ್ ಕೊಡುವ ಹೊಣೆ ತನಗಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ತಾನೇ ರಿಪೇರಿ ಮಾಡಿಕೊಳ್ಳಬಲ್ಲವರು ಇದನ್ನು ಪ್ರಯತ್ನಿಸಲಿ. ಮಗಳ ಆನ್‌ಲೈನ್ ಪರೀಕ್ಷೆಗೋ ಅಪ್ಪನ ಬ್ಯಾಂಕ್ ವ್ಯವಹಾರಕ್ಕೋ ಬೇಕಾದ ಕಂಪ್ಯೂಟರ್‌ನಲ್ಲಿ ಇಂಥ ಪ್ರಯೋಗ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಐ3ಗೆ ನಾನು ಸೂಚಿಸುವ ದಾರಿ ಲಿನಕ್ಸ್ ಮಿಂಟ್. ಉಚಿತ, ಅಪ್‌ಡೇಟ್ ನಿಯಮಿತ, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಈ ಪ್ರೊಸೆಸರ್ ಮೇಲೆ ಲೀಲಾಜಾಲವಾಗಿ ನಡೆಯುತ್ತದೆ. ಕನ್ನಡ ಬೆರಳಚ್ಚಿಗೆ ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಕನ್ನಡದ ಹಲವು ಕೀಲಿಮಣೆ ವಿನ್ಯಾಸಗಳು ಸಿಗುತ್ತವೆ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶ ಬಳಸಿ ರೂಢಿಯಾದವರು ಅದರಲ್ಲಿ ಕೆಜಿಪಿ ವಿನ್ಯಾಸ ಆಯ್ದುಕೊಂಡರೆ ಬೆರಳುಗಳಿಗೆ ಹೊಸದೇನೂ ಅನ್ನಿಸುವುದಿಲ್ಲ. ಆದರೆ ಕಚೇರಿಯ ಕಡತಗಳಿಗಾಗಿ ನುಡಿ ತಂತ್ರಾಂಶವೇ ಬೇಕು, ಅಥವಾ ವಿಂಡೋಸ್‌ನಲ್ಲಷ್ಟೇ ನಡೆಯುವ ಲೆಕ್ಕಪತ್ರದ ತಂತ್ರಾಂಶ ಬೇಕು ಎನ್ನುವವರಿಗೆ ಈ ದಾರಿ ಒದಗುವುದಿಲ್ಲ.

ಎನ್4000 ಕೊಳ್ಳುವವರು ಇನ್ನೊಂದು ಬಲೆ ಗಮನಿಸಿ. ಈ ವರ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಎಸ್ ಮೋಡ್‌ನಲ್ಲಿ ಇರುತ್ತದೆ. ಆಗ ಮೈಕ್ರೋಸಾಫ್ಟ್ ಸ್ಟೋರ್‌ನ ತಂತ್ರಾಂಶ ಬಿಟ್ಟು ಹೊರಗಿನ ಯಾವುದನ್ನೂ ಹಾಕಲು ಬಿಡುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ತಂದ ನುಡಿಯೂ ಏರುವುದಿಲ್ಲ. ಸ್ಟೋರ್‌ನಲ್ಲೇ ಎಸ್ ಮೋಡ್‌ನಿಂದ ಹೊರಬರುವ ಆಯ್ಕೆ ಇದೆ, ಹಣ ಕೊಡಬೇಕಿಲ್ಲ. ಒಮ್ಮೆ ಹೊರಬಂದ ಮೇಲೆ ಮರಳಿ ಹೋಗಲು ಬರುವುದಿಲ್ಲ, ಹೋಗುವ ಅಗತ್ಯವೂ ಇಲ್ಲ.

ಹಂತ 6: ನಿಮ್ಮ ಕೆಲಸದ ಮೇಲೆ ಅಳೆಯಿರಿ

ಪತ್ರ, ಅರ್ಜಿ, ಸಣ್ಣ ಎಕ್ಸೆಲ್ ಲೆಕ್ಕ, ಇಮೇಲ್: ಇಷ್ಟಕ್ಕೆ ಎರಡೂ ಸಾಕು.

ಬ್ರೌಸರ್‌ನಲ್ಲಿ ಹತ್ತಾರು ಪುಟ, ಜೊತೆಗೆ ವಿಡಿಯೊ ಕರೆ, ನಡುವೆ ಒಂದು ವರ್ಡ್ ಕಡತ ಎಂದಾದರೆ ಐ3. ನಾಲ್ಕು ಥ್ರೆಡ್‌ಗಳ ಪ್ರಯೋಜನ ಗೊತ್ತಾಗುವುದು ಇಂಥ ಕಡೆಯೇ. ಎನ್4000ದಲ್ಲಿ ಕರೆ ನಡೆಯುತ್ತಿರುವಾಗ ಇನ್ನೊಂದು ಕಿಟಕಿ ತೆರೆದರೆ ಧ್ವನಿ ತುಂಡುತುಂಡಾಗುವ ಸಂಭವ ಇದೆ.

ವಿಡಿಯೊ ನೋಡುವುದರಲ್ಲಿ ಮಾತ್ರ ಸೆಲೆರಾನ್ ಗೆಲ್ಲುತ್ತದೆ, ಇದನ್ನು ಒಪ್ಪಲೇಬೇಕು. ಯೂಟ್ಯೂಬ್ ಹೆಚ್ಚಾಗಿ ಬಳಸುವ ವಿಪಿ9 ಎಂಬ ವಿಡಿಯೊ ಸಂಕೋಚನ ವಿಧಾನವನ್ನು ಬಿಡಿಸಲು ಯುಎಚ್‌ಡಿ 600ರಲ್ಲಿ ಪ್ರತ್ಯೇಕ ಮಂಡಲವೇ ಇದೆ. ಎಚ್‌ಇವಿಸಿ ಎಂಬ ಇನ್ನೊಂದು ಸಂಕೋಚನ ವಿಧಾನದ 10 ಬಿಟ್ ವಿಡಿಯೊಗಳನ್ನೂ ಅದು ಆರಾಮವಾಗಿ ತೋರಿಸುತ್ತದೆ. ಎಚ್‌ಡಿ 520 ಸಾಮಾನ್ಯ ಎಚ್‌ಇವಿಸಿಯನ್ನು ನಿಭಾಯಿಸುತ್ತದಾದರೂ ವಿಪಿ9ಕ್ಕೆ ಪೂರ್ಣ ಮೀಸಲು ಮಂಡಲ ಇಲ್ಲ. ಹೊರೆಯ ಒಂದು ಪಾಲು ಬೇರೆ ಭಾಗಗಳ ಮೇಲೆ ಬೀಳುತ್ತದೆ. ಎವಿ1 ಎಂಬ ಇನ್ನೂ ಹೊಸ ವಿಧಾನಕ್ಕೆ ಎರಡರಲ್ಲೂ ಮಂಡಲ ಇಲ್ಲ. ಯೂಟ್ಯೂಬ್ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆದರೆ ಕೋಡೆಕ್ಸ್ ಎಂಬ ಸಾಲಿನಲ್ಲಿ ಈಗ ಓಡುತ್ತಿರುವುದು ಯಾವ ವಿಧಾನ ಎಂದು ಕಾಣುತ್ತದೆ. ಐ3ಯಲ್ಲಿ ವಿಡಿಯೊ ತಡವರಿಸಿದರೆ ಹಳೆಯ ಎಚ್.264 ವಿಧಾನದಲ್ಲೇ ವಿಡಿಯೊ ತರಿಸುವ ಬ್ರೌಸರ್ ವಿಸ್ತರಣೆ ಹಾಕಿಕೊಳ್ಳಿ. ಫ್ಯಾನ್ ಸದ್ದೂ ತಗ್ಗುತ್ತದೆ.

ಎಂಜಿನಿಯರಿಂಗ್, ಬಿಸಿಎ ಓದುವವರು ಈ ಸಾಲುಗಳನ್ನು ಗಮನವಿಟ್ಟು ಓದಬೇಕು. ಎನ್4000ದಲ್ಲಿ ಎವಿಎಕ್ಸ್ ಎಂಬ ಆದೇಶಗಳ ಗುಂಪು ಇಲ್ಲ. ಒಂದೇ ಆದೇಶದಲ್ಲಿ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡುವ ಸೌಲಭ್ಯ ಅದು. ಐ3-6006ಯುನಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಸಹ ಇದೆ. ಯಂತ್ರ ಕಲಿಕೆಗೆ ಬಳಸುವ, ಸಿದ್ಧ ರೂಪದಲ್ಲಿ ಸಿಗುವ ಟೆನ್ಸರ್‌ಫ್ಲೋ ತಂತ್ರಾಂಶ 1.6ನೇ ಆವೃತ್ತಿಯಿಂದಲೂ ಎವಿಎಕ್ಸ್ ಬಯಸುತ್ತದೆ. ಮೊಂಗೊಡಿಬಿ ಎಂಬ ದತ್ತಸಂಚಯ ತಂತ್ರಾಂಶ 5.0ರಿಂದ ಈಚೆಗೆ ಅದನ್ನೇ ಕೇಳುತ್ತದೆ. ಅವುಗಳನ್ನು ಎನ್4000ದಲ್ಲಿ ಹಾಕಿದರೆ ನಿಧಾನವಾಗಿ ಓಡುವುದಿಲ್ಲ, ಓಡುವುದೇ ಇಲ್ಲ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಇದು ಗೊತ್ತಾಗುವುದಕ್ಕಿಂತ ಅಂಗಡಿಯಲ್ಲಿ ನಿಂತಾಗಲೇ ಗೊತ್ತಿರುವುದು ಲೇಸು. ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಬೇಕೆನ್ನುವವರು ಈ ಎರಡನ್ನೂ ಬಿಟ್ಟು ಹಂತ 8ಕ್ಕೆ ಹೋಗಿ.

ಮೌನ, ಹಗುರ, ಬ್ಯಾಟರಿ ಮುಖ್ಯವೆನ್ನುವವರಿಗೆ 6 ವ್ಯಾಟ್‌ನ ಚಿಪ್ ಒಪ್ಪುತ್ತದೆ. ಹಲವು ಎನ್4000 ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ಇರುವುದೇ ಇಲ್ಲ. ಧೂಳು ಕಟ್ಟುವ ಗೋಳಿಲ್ಲ.

ಹಂತ 7: ಅಂಗಡಿಯಲ್ಲೇ ದುಡಿಸಿ ನೋಡಿ

ಚಾರ್ಜರ್ ಸಿಕ್ಕಿಸಿಯೇ ಪರೀಕ್ಷೆ ಮಾಡಿ. ಬ್ಯಾಟರಿಯ ಮೇಲೆ ಓಡುವಾಗ ವೇಗ ತಗ್ಗುವುದು ಸಾಮಾನ್ಯ, ಹೋಲಿಕೆ ಕೆಟ್ಟುಹೋಗುತ್ತದೆ.

7-ಝಿಪ್ ತೆರೆದು ಟೂಲ್ಸ್ ಪಟ್ಟಿಯಿಂದ ಬೆಂಚ್‌ಮಾರ್ಕ್ ಆಯ್ದುಕೊಳ್ಳಿ. ಫೈಲ್‌ಗಳನ್ನು ಕುಗ್ಗಿಸುವ, ಬಿಡಿಸುವ ಲೆಕ್ಕವನ್ನು ಅದು ಮತ್ತೆ ಮತ್ತೆ ಮಾಡಿ, ಕೊನೆಗೆ ಒಟ್ಟು ಅಂಕವನ್ನು ಜಿಐಪಿಎಸ್ ಅಥವಾ ಎಂಐಪಿಎಸ್ ಎಂಬ ಅಳತೆಯಲ್ಲಿ ತೋರಿಸುತ್ತದೆ. ಎರಡೂ ಲ್ಯಾಪ್‌ಟಾಪ್‌ನಲ್ಲಿ ಒಂದೇ ಆವೃತ್ತಿ, ಒಂದೇ ಡಿಕ್ಷನರಿ ಗಾತ್ರ ಇಟ್ಟು ಓಡಿಸಿ. ಅಂಕಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಐದು ನಿಮಿಷ ಓಡಲು ಬಿಟ್ಟು ಮತ್ತೆ ನೋಡಿ. ಅಂಕ ಎಷ್ಟು ಇಳಿದಿದೆ ಎಂಬುದು ಮೊದಲ ಅಂಕದಷ್ಟೇ ಮುಖ್ಯ.

ಇದು ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಪೀಡ್ ಎಂಬ ಅಂಕಿಯ ಮೇಲೆ ಕಣ್ಣಿಡಿ. ಐ3-6006ಯುಗೆ ಟರ್ಬೊ ಇಲ್ಲದ್ದರಿಂದ ಇಲ್ಲಿ ಊಹೆಗೆ ಎಡೆಯೇ ಇಲ್ಲ. ಆರೋಗ್ಯವಾಗಿರುವ ಲ್ಯಾಪ್‌ಟಾಪ್‌ನಲ್ಲಿ ಆ ಅಂಕಿ 1.9 ಅಥವಾ 2.0ರ ಆಸುಪಾಸಿನಲ್ಲಿ ಅಲುಗಾಡದೆ ನಿಂತಿರಬೇಕು. ಒಂದೆರಡು ನಿಮಿಷದ ನಂತರ 1.4ಕ್ಕೋ 0.8ಕ್ಕೋ ಜಾರಿದರೆ ಪ್ರೊಸೆಸರ್ ಬಿಸಿ ತಾಳಲಾರದೆ ಹಿಂಜರಿಯುತ್ತಿದೆ. ಪ್ರೊಸೆಸರ್ ಮತ್ತು ಅದರ ಮೇಲೆ ಕೂರುವ, ಶಾಖ ಹೀರುವ ಲೋಹದ ಭಾಗದ ನಡುವೆ ಶಾಖ ಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಫ್ಯಾನ್‌ಗೆ ಧೂಳು ತುಂಬಿರಬಹುದು, ಕೆಲವೊಮ್ಮೆ ಚಾರ್ಜರ್ ಆ ಕಂಪನಿಯದಲ್ಲದ್ದರಿಂದಲೂ ಹೀಗಾಗುತ್ತದೆ. ಪೇಸ್ಟ್ ಬದಲಾಯಿಸಿ ಫ್ಯಾನ್ ಸ್ವಚ್ಛ ಮಾಡಿಕೊಡಿ ಎಂದು ಕೇಳಿ, ಮಾಡಿದ ಮೇಲೆ ಇದೇ ಪರೀಕ್ಷೆ ಮತ್ತೆ ಓಡಿಸಿ.

ಎನ್4000ದಲ್ಲಿ ವೇಗ 2.6ರ ಕಡೆಗೆ ಜಿಗಿದು ನಂತರ ಇಳಿಯುವುದು ದೋಷವಲ್ಲ. ಎಲ್ಲಿಗೆ ಇಳಿದು ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ನಿಮಗೆ ದಿನವೂ ಸಿಗುವ ವೇಗ ಅದೇ.

ಬ್ಯಾಟರಿಗೆ ವಿಂಡೋಸ್‌ನಲ್ಲೇ ವರದಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಆದೇಶಕ್ಕೆ ಬ್ಯಾಟರಿರಿಪೋರ್ಟ್ ಎಂಬ ಆಯ್ಕೆ ಸೇರಿಸಿ (powercfg /batteryreport) ಎಂಟರ್ ಒತ್ತಿದರೆ ಒಂದು ಕಡತ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಎಂದರೆ ಬ್ಯಾಟರಿ ಹೊಸದಿದ್ದಾಗಿನ ಸಾಮರ್ಥ್ಯ, ಫುಲ್ ಚಾರ್ಜ್ ಕೆಪಾಸಿಟಿ ಎಂದರೆ ಇಂದಿನದು. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಸೇರಿಸಿಕೊಳ್ಳಿ. ಕೊನೆಯಲ್ಲಿ ಮಿಂಟ್‌ನ ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ ವೈಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್ ನಾಲ್ಕೂ ಕೆಲಸ ಮಾಡುತ್ತವೆಯೇ ನೋಡಿ.

ಹಂತ 8: ತೀರ್ಮಾನ ಮತ್ತು ಪಾವತಿ

ಡಿಸ್ಕ್ ಬದಲಾಯಿಸಬಹುದಾದ, 8 ಜಿಬಿ ರ‍್ಯಾಮ್ ಇರುವ ಅಥವಾ ಹಾಕಿಸಬಹುದಾದ ಐ3-6006ಯು ಸಿಕ್ಕಿ, ಲಿನಕ್ಸ್ ಕಲಿಯಲು ನೀವು ಸಿದ್ಧರಿದ್ದರೆ ಅದನ್ನೇ ಕೊಳ್ಳಿ. ಅಧಿಕೃತ ವಿಂಡೋಸ್ 11 ಬೇಕೇ ಬೇಕು, ಕೆಲಸ ಹಗುರವಾದದ್ದು ಎಂದಾದರೆ ಎನ್4000 ಆಗಬಹುದು. ಆದರೆ ಎಸ್‌ಎಸ್‌ಡಿಗೆ ಜಾಗ ಇರುವ, 8 ಜಿಬಿ ರ‍್ಯಾಮ್ ಇರುವ ಮಾದರಿಯನ್ನೇ ಹುಡುಕಿ. ಬೆಸೆದ 4 ಜಿಬಿ, ಬೆಸೆದ 64 ಜಿಬಿಯದ್ದು ಅಗ್ಗವೆಂದು ಕೊಂಡರೆ ವರ್ಷದೊಳಗೆ ಮತ್ತೊಂದನ್ನು ಹುಡುಕುತ್ತೀರಿ.

ಐ3ಗೆ ಎಸ್‌ಎಸ್‌ಡಿ, ರ‍್ಯಾಮ್, ಬ್ಯಾಟರಿ ಮೂರನ್ನೂ ಹಾಕಿಸಬೇಕಾದರೆ ಒಟ್ಟು ಮೊತ್ತ ಕೂಡಿಸಿ ನೋಡಿ. ಆ ಮೊತ್ತಕ್ಕೆ ಎಂಟನೇ ತಲೆಮಾರಿನ ಲ್ಯಾಪ್‌ಟಾಪ್ ಹತ್ತಿರ ಬಂದರೆ ಈ ಎರಡನ್ನೂ ಬಿಟ್ಟು ಅದರ ಕಡೆ ಹೋಗಿ. ಐ3-8130ಯುಗೆ ಟರ್ಬೊ ಇದೆ, 3.4 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಐ5-8250ಯುನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. ಎರಡಕ್ಕೂ ವಿಂಡೋಸ್ 11ರ ಅಧಿಕೃತ ಬೆಂಬಲ ಇದೆ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 5490, ಎಲೈಟ್‌ಬುಕ್ 840 ಜಿ5 ಮಾದರಿಗಳಲ್ಲಿ ಐ5-8250ಯು ಸಿಗುತ್ತದೆ; ಗಟ್ಟಿಮುಟ್ಟಾದ ಲ್ಯಾಪ್‌ಟಾಪ್‌ಗಳು, ಬಿಡಿಭಾಗಗಳೂ ಸುಲಭವಾಗಿ ದೊರೆಯುತ್ತವೆ.

ಯಾವುದನ್ನೇ ಕೊಂಡರೂ ಹಣ ಕೊಡುವ ಮುನ್ನ ಲ್ಯಾಪ್‌ಟಾಪನ್ನು ಒಮ್ಮೆ ಪೂರ್ತಿ ಆರಿಸಿ, ಮತ್ತೆ ಚಾಲೂ ಮಾಡುವಾಗ ಬಯೋಸ್ ಒಳಗೆ ಹೋಗಿ. ಆರಂಭದ ಹಂತದಲ್ಲೇ ಕಂಪ್ಯೂಟರ್‌ನ ಮೂಲ ಹೊಂದಿಕೆಗಳನ್ನು ನಿಭಾಯಿಸುವ ತಂತ್ರಾಂಶ ಅದು. ಕಂಪನಿಯನ್ನು ಅವಲಂಬಿಸಿ ಎಫ್1, ಎಫ್2, ಎಫ್10 ಇಲ್ಲವೇ ಡಿಲೀಟ್ ಕೀಲಿ ಒತ್ತಿದರೆ ತೆರೆಯುತ್ತದೆ. ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಅಂಗಡಿಯವರು ನಿಮ್ಮ ಕಣ್ಣೆದುರೇ ಅದನ್ನು ತೆಗೆಯುವವರೆಗೆ ದುಡ್ಡು ಕೊಡಬೇಡಿ. ಹಿಂದಿನ ಮಾಲೀಕರ ಮೈಕ್ರೋಸಾಫ್ಟ್ ಖಾತೆ ಉಳಿದಿದ್ದರೆ ತೆಗೆಸಿ. ಬಿಲ್‌ನಲ್ಲಿ ಪ್ರೊಸೆಸರ್‌ನ ಪೂರ್ಣ ಹೆಸರು, ರ‍್ಯಾಮ್, ಡಿಸ್ಕ್‌ನ ಬಗೆ ಮತ್ತು ಗಾತ್ರ, ಲ್ಯಾಪ್‌ಟಾಪ್‌ನ ಸೀರಿಯಲ್ ಸಂಖ್ಯೆ, ಎಷ್ಟು ದಿನಗಳ ವಾರಂಟಿ ಎಂಬುದೆಲ್ಲ ಬರೆಸಿಕೊಳ್ಳಿ. "ಐ3 ಲ್ಯಾಪ್‌ಟಾಪ್ ಒಂದು" ಎಂದಷ್ಟೇ ಬರೆದ ಬಿಲ್ ಇಟ್ಟುಕೊಂಡು ಮುಂದೆ ಯಾರನ್ನೂ ಕೇಳಲಾಗದು.